ಆರೋ ಒಂಬತ್ತೋ

ಹನುಮಪ್ಪನ ಗುಡಿಯ ಬಲಕ್ಕೆ, ಬೇವಿನ ನೆರಳಿಗೆ
ಒಂದು ಗುಂಡುಕಲ್ಲಿತ್ತು.
ಯುಗಾದಿಯ ದಿನ ಅದನ್ನೆತ್ತಿ
ಹೆಗಲು ದಾಟಿಸಿ ಹಿಂದಕ್ಕೆ ಒಗೆದವ ಗಂಡಸು.
ಮೊಣಕಾಲಿಗೆ ತಂದು ಬಿಟ್ಟವನಿಗೆ
ಊರು ಬೇರೆ ಹೆಸರಿಡುತ್ತಿತ್ತು.

ನಮ್ಮ ಮುತ್ತಜ್ಜನ ಅಪ್ಪ ಹೊನ್ನಪ್ಪ
ಮೊಣಕಾಲಿಗೆ ತಂದು ಬಿಟ್ಟವ.
ಬಿಟ್ಟು ನಕ್ಕನಂತೆ.
"ಕಲ್ಲಿಗೆ ನೆಲಾನ ಇಷ್ಟ ಬಿಡ್ರೋ" ಅಂದನಂತೆ.
ಬಿಟ್ಟದ್ದನ್ನು ಮರೆತರೂ ಆ ನಗೆಯನ್ನು ಊರು ಮರೆಯಲಿಲ್ಲ,
ಮಗನಂತೂ ಸಾಯುವತನಕ ಇಲ್ಲ.
ಬಾವಿಕಟ್ಟೆಯಲ್ಲಿ, ಕಣದಲ್ಲಿ, ಗದಗಿನ ಸಂತೆಯಲ್ಲಿ
ಭರಮಪ್ಪ ಅನ್ನುವ ಮೊದಲು ಅನ್ನುತ್ತಿದ್ದರು:
"ಕಲ್ಲ ಬಿಟ್ಟಾವ್ನ ಮಗ."

ಹಾಗಾಗಿ ಭರಮಪ್ಪ ನಗಲಿಲ್ಲ.
ಹದಿನಾರಕ್ಕೆ ಎತ್ತಿದ. ಹದಿನೇಳಕ್ಕೆ ಎತ್ತಿದ.
ಚಳಿಜ್ವರ ಬಂದ ವರ್ಷ ಕಂಬಳಿ ಒಗೆದು ಬಂದು ಎತ್ತಿದ.
ಹೆಂಡತಿ ಒಳಗೆ ಹೆರುತ್ತಿದ್ದಾಗ ಹೊರಗೆ ಬಸ್ಕಿ ಹೊಡೆಯುತ್ತಿದ್ದ,
ಹುಟ್ಟಿದ ಮಗನಿಗೆ ಕಲ್ಲಪ್ಪನೆಂದು ಹೆಸರಿಟ್ಟ.
ರಾತ್ರಿ ನಿದ್ದೆಗಣ್ಣಿನಲ್ಲಿ ಮೊಣಕಾಲು ಒತ್ತಿಹಿಡಿಯುತ್ತಿದ್ದ
ಅಲ್ಲಿಂದ ಏನೋ ಜಾರುತ್ತಿದೆ ಅನ್ನುವಂತೆ.

ಆಮೇಲೆ ಸಡಕು ಬಂತು,
ಅರಳೆ ಗಾಡಿಗಳಿಗೆಂದು, ಎರಿಹೊಲ ಸೀಳಿ.
ಸಾಹೇಬ ಬರಲೇ ಇಲ್ಲ. ಬಂದವ ಓವರ್ಸಿಯರ,
ಪುಣೆ ಕಡೆಯ ಸಣ್ಣಾಳು, ಕೈಯಲ್ಲಿ ಕೊಡೆ.
ಸರಪಳಿ ಎಳೆದವರಿಗೆ ದಿನಕ್ಕೆ ಎರಡಾಣೆ.
ಎಳೆದವ ಕಲ್ಲಪ್ಪ.

"ಸರಪಳಿ ದನದ ಕೊರಳಾಗ ಇರತೈತಿ" ಅಂದ ಅಪ್ಪ.
"ಇದು ಅಳಿಯೂ ಸರಪಳಿ" ಅಂದ ಮಗ.
"ಏನ ಅಳೀತಿ?"
"ಎಲ್ಲಾನೂ."
ಕೆನ್ನೆಗೆ ಬಿತ್ತು. ಹುಡುಗ ಅಳಲಿಲ್ಲ.
ಮರುದಿನ ಮತ್ತೆ ಅಳೆಯಲು ಹೋದ.

ಆರನೇ ಮೈಲಿಗೆ ಕಲ್ಲು ಕಡಿಮೆ ಬಿತ್ತು.
ಓವರ್ಸಿಯರ ಕೊಡೆ ಎತ್ತಿ ಬೇವಿನ ಬುಡ ತೋರಿಸಿದ.
ನಾಲ್ಕು ಆಳು, ಎರಡು ಬಿದಿರು, ಒಂದು ಹಗ್ಗ.
ಯಾರ ಉಸಿರೂ ಏರಲಿಲ್ಲ.
ಮುರುಮಿನ ಗುಡ್ಡೆಯ ಮೇಲೆ ಕೂಡಿಸಿ ಸುಣ್ಣ ಬಳಿದು
ಕಪ್ಪಿನಲ್ಲಿ ಇಂಗ್ಲಿಷಿನ ಆರು ಬರೆದರು.
ಗಂಡಸರೆಲ್ಲ ನೋಡುತ್ತ ನಿಂತಿದ್ದರು
ಕೈ ಎಲ್ಲಿಡಬೇಕೆಂದು ತಿಳಿಯದೆ.
"ಇನ್ನ ಯುಗಾದಿಗೆ?" ಕೇಳಿದ ಭರಮಪ್ಪ.
"ಸರಕಾರದ್ದಾತು. ಮುಟ್ಟಿದ್ರ ದಂಡ" ಅಂದ ಒಬ್ಬ.
ಅಂದವನ ದನಿಯಲ್ಲಿ ತುಸು ಸಮಾಧಾನವಿತ್ತು.
ಅವನಪ್ಪನೂ ಬಿಟ್ಟವನೇ.

ಬೇವು ಬೆಲ್ಲ ತಿಂದ ರಾತ್ರಿ ಕಳೆದು ಬೆಳಗಾದಾಗ
ಕಲ್ಲು ಗುಡ್ಡೆಯ ಮೇಲೆಯೇ ಇತ್ತು,
ಆರು ಒಂಬತ್ತಾಗಿತ್ತು.
ಒಂದೇ ರಾತ್ರಿಗೆ ಗದಗು ನಮ್ಮಿಂದ
ಮೂರು ಮೈಲಿ ದೂರ ಸರಿದಿತ್ತು.
ಗಾಡಿಯವರು ಬಾಡಿಗೆ ಹೆಚ್ಚು ಕೇಳಿದರಂತೆ.

ಗಂಡಸರ ಕತೆ ಇಲ್ಲಿಗೆ ಮುಗಿಯುತ್ತದೆ:
ಒಬ್ಬನೇ ಎತ್ತಿದ, ಹೆಗಲು ದಾಟಿಸಿದ,
ಸರಕಾರದ ಲೆಕ್ಕವನ್ನೇ ಮಗುಚಿ ಹಾಕಿದ.

ಅತ್ತೆಯಿಂದ ಕೇಳಿದ್ದನ್ನು ನಮ್ಮಜ್ಜಿ
ಕಡ್ಲಿ ಸೊಪ್ಪು ಸೋಸುತ್ತ, ಬಾಗಿಲು ಮುಂದೆ ಮಾಡಿ
ಹೆಣ್ಣುಮಕ್ಕಳಿಗಷ್ಟೇ ಹೇಳುತ್ತಿದ್ದಳು:
ಮೊಣಕಾಲ ಮಟ ಬಂತು. ಅಲ್ಲೇ ನಿಂತಿತು.
ಎತ್ತಲಾರ, ಬಿಡಲಾರ.
ಹಿಂದೆಯೇ ಬಂದಿದ್ದಳು ಫಕೀರವ್ವ.
ಹೆಂಗಸು ಮುಟ್ಟಿದರೆ ಮೈಲಿಗೆ ಅನ್ನುತ್ತಿದ್ದರಲ್ಲ,
ಈಗ ಹೇಗೂ ಅದು ಮೈಲಿಗಲ್ಲು.
ಸೆರಗು ಸಿಗಿಸಿ ಕೆಳಗೆ ಕೈ ಕೊಟ್ಟಳು.
ಹೆಗಲಿಗಲ್ಲ, ಎದೆಮಟಕ್ಕೂ ಅಲ್ಲ,
ಎಷ್ಟಾಯಿತೋ ಅಷ್ಟು ಎತ್ತಿ
ಕತ್ತಲಲ್ಲಿ ತಲೆಯಾವುದು ಬುಡವಾವುದು ತಿಳಿಯದೆ
ಇಟ್ಟುಬಿಟ್ಟರು.
ಅವನು ಅಲ್ಲೇ ಕುಸಿದು ಕೂತು ನಕ್ಕನಂತೆ,
ಥೇಟ್ ಅವನಪ್ಪನ ನಗೆ.
ತನ್ನ ಬಾಯಿಗೆ ತಾನೇ ಹೆದರಿ
ಎರಡೂ ಕೈಯಿಂದ ಮುಚ್ಚಿಕೊಂಡನಂತೆ.

ತಿರುಗಿಸಿಡಲು ಊರಲ್ಲಿ ಆಳು ಸಿಗಲಿಲ್ಲ.
ಒಂಬತ್ತರ ಮೇಲೆ ಸುಣ್ಣ ಬಳಿದು
ಮತ್ತೆ ಆರು ಬರೆದವ ಕಲ್ಲಪ್ಪ, ನಮ್ಮಜ್ಜ.
ಕೂಲಿ ಅರ್ಧಾಣೆ.
ಮಳೆ ಜೋರಾದ ವರ್ಷ
ಎರಡೂ ಕಾಣುತ್ತವೆ.